ಮಡಚಿಟ್ಟ ಎಕ್ಕ

ಗೆಳೆಯನ ಮನೆಯ ಊಟದ ಮೇಜಿನ ಮೇಲೆ ದಪ್ಪ ಹೊದಿಕೆಯೊಂದನ್ನು ಹಾಸಿ ನಾವು ಆರು ಜನ ಪೋಕರ್ ಆಡಲು ಕುಳಿತೆವು. ಹಣವಿಟ್ಟು ಆಡುವುದಿಲ್ಲ ಎಂಬುದು ನಮ್ಮೊಳಗಿನ ಹಳೆಯ ಒಪ್ಪಂದ. ಹಾಗಾಗಿ ತಲಾ 200 ಪ್ಲಾಸ್ಟಿಕ್ ಬಿಲ್ಲೆಗಳನ್ನು ಹಂಚಿಕೊಂಡಿದ್ದೆವು. ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿಕೊಳ್ಳುವ ಆಟ ಅದು.

ಮೊದಲ ಬಾರಿಗೆ ಆಡುತ್ತಿದ್ದ ಗೆಳತಿಯೊಬ್ಬಳು, ಒಂದೇ ಗುರುತಿನ ಐದು ಎಲೆಗಳ ಫ್ಲಶ್‌ಗಿಂತ ಮೂರು ಮತ್ತು ಎರಡು ಸಮಾನ ಎಲೆಗಳ ಫುಲ್ ಹೌಸ್ ಏಕೆ ದೊಡ್ಡದು ಎಂದು ಕೇಳಿದಳು. 52 ಎಲೆಗಳಿಂದ ಐದನ್ನು ಆರಿಸುವ 25,98,960 ರೀತಿಗಳಲ್ಲಿ ಫ್ಲಶ್ 5,108 ಬಗೆಯಲ್ಲಿ ಬಂದರೆ ಫುಲ್ ಹೌಸ್ 3,744 ಬಗೆಯಲ್ಲಿ ಮಾತ್ರ ಬರುತ್ತದೆ, ಅಪರೂಪವಾದದ್ದೇ ದೊಡ್ಡದು ಎಂದು ವಿವರಿಸಿದವನು ನಾನೇ. ಆ ವಿವರಣೆ ಗಂಟೆಯೊಳಗೆ ನನ್ನ ಮುಂದೆಯೇ ಬಂದು ನಿಲ್ಲುತ್ತದೆಂದು ಎಣಿಸಿರಲಿಲ್ಲ.

ನನ್ನ ಕೈಗೆ ಆಟಿನ್ ಎಕ್ಕ ಮತ್ತು ಆಟಿನ್ ಒಂಬತ್ತು ಬಂದವು. ಮೂವರು ಉಳಿದೆವು, ನಡುವೆ 60 ಬಿಲ್ಲೆಗಳಿದ್ದವು. ಮೊದಲ ಮೂರು ಎಲೆಗಳು ಆಟಿನ್ ರಾಜ, ಆಟಿನ್ ನಾಲ್ಕು, ಇಸ್ಪೀಟಿನ ಏಳು. ನಮ್ಮಲ್ಲೇ ಅತಿ ಮೌನಿಯಾದ ಗೆಳೆಯ 15 ಬಿಲ್ಲೆ ಮುಂದಿಟ್ಟ. ಮತ್ತೊಬ್ಬ ಎಲೆ ಮಡಚಿ, ಅಂದರೆ ಆ ಸುತ್ತನ್ನು ಬಿಟ್ಟುಕೊಟ್ಟು, ಹಿಂದೆ ಸರಿದ. ನಾನು ಕಾಣದ 47 ಎಲೆಗಳಲ್ಲಿ ಒಂಬತ್ತು ಆಟಿನ್‌ಗಳಿದ್ದವು, ಅಂದರೆ ಮುಂದಿನ ಎಲೆ ಆಟಿನ್ ಆಗಲು ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಸಾಧ್ಯತೆ. ತೆರಬೇಕಾದದ್ದು, ನನ್ನ 15 ಸೇರಿ 90 ಆಗಲಿದ್ದ ಮೊತ್ತದ ಆರರಲ್ಲಿ ಒಂದು ಪಾಲು. ಆ ಲೆಕ್ಕ ನನ್ನ ಕಡೆಗಿದ್ದುದರಿಂದ ಉಳಿದೆ. ನಾಲ್ಕನೆಯ ಎಲೆ ಆಟಿನ್ ಎರಡು. ಎಕ್ಕದ ಫ್ಲಶ್ ನನ್ನದಾಯಿತು. 40 ಬಿಲ್ಲೆ ಇಟ್ಟೆ. ಅವನೂ ತಡಮಾಡದೆ ಅಷ್ಟೇ ಇಟ್ಟ.

ಕೊನೆಯ ಎಲೆ ಕಳಾವರಿನ ಏಳು. ನಡುವೆ ಏಳರ ಜೋಡಿ ಕಾಣಿಸಿಕೊಂಡ ಕೂಡಲೇ ಅವನು 90 ಬಿಲ್ಲೆಗಳನ್ನು ಮುಂದಕ್ಕೆ ಸರಿಸಿ ಕೈಗಳನ್ನು ಮಡಿಲಿಗೆ ತೆಗೆದುಕೊಂಡ.

ನಾನು ಬಹಳ ಹೊತ್ತು ಕುಳಿತೆ. 350 ಆಗಲಿದ್ದ ಮೊತ್ತಕ್ಕೆ 90 ಕೊಡುವುದೆಂದರೆ, ನಾಲ್ಕರಲ್ಲಿ ಒಂದು ಬಾರಿಗಿಂತ ತುಸು ಹೆಚ್ಚು ನಾನು ಗೆದ್ದರೂ ಸಾಕು. ಕಾಗದದ ಮೇಲೆ ಇದು ಒಪ್ಪಿಕೊಳ್ಳಬೇಕಾದ ಆಟ. ಅವನ ಬಳಿ ಸಣ್ಣ ಫ್ಲಶ್ ಇರಬಹುದಿತ್ತು, ಮೂರು ಏಳುಗಳೂ ಇರಬಹುದಿತ್ತು, ಎರಡೂ ನನ್ನದಕ್ಕಿಂತ ಕೆಳಗಿನವು. ಆದರೆ ಇಷ್ಟು ವರ್ಷಗಳ ಒಡನಾಟದಲ್ಲಿ, ಕೈಯಲ್ಲಿ ಏನೂ ಇಲ್ಲದಾಗ ಅವನು ಮಾತಾಡುತ್ತಾನೆ, ಲೋಟ ಸರಿಸುತ್ತಾನೆ, ಯಾರನ್ನಾದರೂ ನೀರು ಬೇಕೇ ಎಂದು ಕೇಳುತ್ತಾನೆ. ಆ ಹೊತ್ತಿನಲ್ಲಿ ಅವನು ಅಲುಗಾಡಲಿಲ್ಲ. ನಾಲ್ಕರ ಜೋಡಿಯೋ ರಾಜರ ಜೋಡಿಯೋ ಮೊದಲಿನಿಂದ ಅವನ ಕೈಯಲ್ಲಿತ್ತೆಂದು, ನಡುವಿನ ಏಳರ ಜೋಡಿ ಸೇರಿ ಅದು ಈಗ ಫುಲ್ ಹೌಸ್ ಆಗಿದೆಯೆಂದು ನನಗನ್ನಿಸಿತು. ಸಂಖ್ಯೆಯನ್ನು ಬಿಟ್ಟು ಮನುಷ್ಯನನ್ನು ನಂಬಿ ಎಲೆಗಳನ್ನು ಮಡಚಿಟ್ಟೆ.

ಎದುರಾಳಿಗಳೆಲ್ಲ ಬಿಟ್ಟುಕೊಟ್ಟಾಗ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕಿಲ್ಲ. ಅವನು ಅವುಗಳನ್ನು ಬೋರಲಾಗಿಯೇ ಕಟ್ಟಿನೊಳಗೆ ಸೇರಿಸಿದ, ಮುಂದಿನವನು ಕಲೆಸತೊಡಗಿದ.

ಆಟ ಮುಗಿದು ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬುವಾಗ ಅವನು ನನ್ನ ಪಕ್ಕಕ್ಕೆ ಬಂದು, "ಆಗ ನಿನ್ನ ಹತ್ತಿರ ಏನಿತ್ತು?" ಎಂದು ಮೆಲ್ಲಗೆ ಕೇಳಿದ. "ಎಕ್ಕದ ಫ್ಲಶ್" ಎಂದೆ. ಅವನು ಕೈಯಲ್ಲಿದ್ದ ಬಿಲ್ಲೆಗಳನ್ನು ಹಾಗೆಯೇ ಹಿಡಿದು ನನ್ನ ಮುಖ ನೋಡಿದ. "ಅದನ್ನು ಮಡಚಿದೆಯಾ?" ಎಂದಷ್ಟೇ ಹೇಳಿ, ಉಳಿದವುಗಳನ್ನು ಒಂದೊಂದಾಗಿ ಜೋಡಿಸತೊಡಗಿದ.