ಶನಿವಾರದ ಭೂಗೋಳ ಪರೀಕ್ಷೆ

ನಾನು ಹೈಸ್ಕೂಲಿನಲ್ಲಿ ಓದಿದ್ದು 1989ರ ಜೂನ್‌ನಿಂದ 1992ರ ಮಾರ್ಚ್‌ವರೆಗೆ, ಅಂದರೆ ಎಂಟನೆಯ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗೆ. ಆ ಮೂರು ವರ್ಷಗಳಲ್ಲಿ ಪ್ರಪಂಚದ ನಕಾಶೆ ಎಷ್ಟು ಸಲ ಬದಲಾಯಿತೆಂದರೆ, ಜೂನ್ ತಿಂಗಳಲ್ಲಿ ಕೊಂಡ ಅಟ್ಲಾಸ್ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಹಳತಾಗಿರುತ್ತಿತ್ತು. 1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಮಾರ್ಚ್‌ನಲ್ಲಿ ನಮೀಬಿಯಾ ಸ್ವತಂತ್ರವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಎರಡು ಯೆಮೆನ್‌ಗಳೂ ಅಕ್ಟೋಬರ್‌ನಲ್ಲಿ ಎರಡು ಜರ್ಮನಿಗಳೂ ಒಂದಾದವು. 1991ರ ಡಿಸೆಂಬರ್ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಶರಾವತಿಯ ಅಳಿವೆಯ ಬಳಿಯ ಹಳ್ಳಿಗಳಿಂದ ನಡೆದು ಬರುತ್ತಿದ್ದ ನಮಗೆ ಇವೆಲ್ಲ ರೇಡಿಯೋದಲ್ಲಿ ಕೇಳಿ ಮರೆಯುವ ವಾರ್ತೆಗಳಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ನಮ್ಮ ಸಮಾಜ ವಿಜ್ಞಾನದ ಮಾಸ್ತರರು ಪ್ರತಿ ಶನಿವಾರ ನಡೆಸುತ್ತಿದ್ದ ಬಾಯಿಪರೀಕ್ಷೆ.

ಶನಿವಾರ ಬೆಳಗಿನ ಶಾಲೆ. ಕೊನೆಯ ಪಿರಿಯಡ್ ಅವರದು. ಮೇಲೂ ಕೆಳಗೂ ಮರದ ಕೋಲು ಕೂಡಿಸಿದ ಬಟ್ಟೆಯ ನಕಾಶೆಯ ಸುರುಳಿಯನ್ನು ಇಬ್ಬರು ಹುಡುಗರು ಆಫೀಸಿನಿಂದ ಹೊತ್ತು ತಂದು ಕರಿಹಲಗೆಯ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದರು. ಪ್ರತಿ ಪ್ರಶ್ನೆಗೆ ಎರಡು ಅಂಕ: ಊರಿನ ಅಥವಾ ದೇಶದ ಹೆಸರು ಹೇಳಿ ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದರೆ ಒಂದು, ಅದು ಅಲ್ಲೇ ಏಕೆ ಇದೆ ಎಂಬುದನ್ನು ವಿವರಿಸಿದರೆ ಇನ್ನೊಂದು. ಈ ಅಂಕಗಳು ಯಾವ ಪ್ರಗತಿಪತ್ರಕ್ಕೂ ಸೇರುತ್ತಿರಲಿಲ್ಲ. ಆದರೂ ವಾರವಿಡೀ ನಾವು ತಯಾರಿ ನಡೆಸುತ್ತಿದ್ದದ್ದು ಎರಡನೆಯ ಅಂಕಕ್ಕಾಗಿಯೇ.

ರಾಜಧಾನಿಗಳ ಪ್ರಶ್ನೆಯನ್ನೇ ನೋಡಿ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ ಎಂಬುದು ಯಾವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಾದರೂ ಸಿಗುತ್ತದೆ. ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳೆರಡೂ ಆ ಪಟ್ಟಕ್ಕಾಗಿ ಹಟ ಹಿಡಿದವು. ಕೊನೆಗೆ ರಾಜಧಾನಿಯು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿರಬೇಕು, ಆದರೆ ಸಿಡ್ನಿಯಿಂದ ನೂರು ಮೈಲಿಗಿಂತ ಕಡಿಮೆ ದೂರದಲ್ಲಿರಬಾರದು ಎಂದು ಸಂವಿಧಾನದಲ್ಲಿಯೇ ಬರೆದುಕೊಂಡರು. ಹೊಸ ಊರು ಸಿದ್ಧವಾಗುವ ತನಕ, ಅಂದರೆ 1927ರವರೆಗೆ, ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರುತ್ತಿತ್ತು. ಇಷ್ಟನ್ನು ಹೇಳಿದ ಮೇಲೆಯೇ ಎರಡನೆಯ ಅಂಕ. ಬ್ರೆಜಿಲ್ 1960ರಲ್ಲಿ ರಿಯೋದಿಂದ ಬ್ರೆಸಿಲಿಯಾಕ್ಕೆ ಹೋದದ್ದು, ಕರಾವಳಿಗೆ ಅಂಟಿಕೊಂಡು ಬೆಳೆದ ದೇಶವನ್ನು ಒಳನಾಡಿಗೆ ಎಳೆಯುವುದಕ್ಕಾಗಿ. ನಾವು ಹತ್ತನೆಯ ತರಗತಿಯಲ್ಲಿದ್ದಾಗಲೇ, 1991ರ ಡಿಸೆಂಬರ್‌ನಲ್ಲಿ, ನೈಜೀರಿಯಾ ತನ್ನ ರಾಜಧಾನಿಯನ್ನು ಲಾಗೋಸ್‌ನಿಂದ ದೇಶದ ನಡುಭಾಗದ ಅಬುಜಾಕ್ಕೆ ಸಾಗಿಸಿತು. ಹೌಸಾ, ಯೊರುಬಾ, ಇಗ್ಬೋ ಜನರಲ್ಲಿ ಯಾರೊಬ್ಬರ ಊರೂ ಎನಿಸದ ಜಾಗ ಅವರಿಗೆ ಬೇಕಾಗಿತ್ತು. ಇವುಗಳ ಪಕ್ಕದಲ್ಲಿ 1911ರಲ್ಲಿ ಕಲ್ಕತ್ತೆಯಿಂದ ದಿಲ್ಲಿಗೆ ರಾಜಧಾನಿ ಬದಲಾದ ಸಂಗತಿಯನ್ನೂ ಇಟ್ಟು, ಹಡಗಿನಲ್ಲಿ ಬಂದವರು ಆಡಳಿತಕ್ಕೆ ಆರಿಸಿಕೊಂಡ ರೇವುಪಟ್ಟಣಗಳಿಂದ ಅಧಿಕಾರವು ಒಳನಾಡಿಗೆ ಏಕೆ ಸರಿಯುತ್ತದೆ ಎಂದು ಮಾಸ್ತರರು ಕೇಳಿದ ದಿನ, ಗಂಟೆ ಹೊಡೆದ ಮೇಲೂ ತರಗತಿ ಏಳಲಿಲ್ಲ. ಬಾಯಿಪಾಠದ ಪಟ್ಟಿಯಲ್ಲಿ ಬೇರೆಬೇರೆ ಪುಟಗಳಲ್ಲಿದ್ದ ನಾಲ್ಕು ದೇಶಗಳು ಒಂದೇ ಪ್ರಶ್ನೆಯೊಳಗೆ ಬಂದು ನಿಂತಿದ್ದವು.

ನಕಾಶೆಯನ್ನು ಪೂರ್ತಿ ನಂಬಬಾರದೆಂಬುದನ್ನೂ ಅವರು ಅದೇ ನಕಾಶೆಯ ಎದುರು ನಿಲ್ಲಿಸಿಯೇ ಕಲಿಸಿದರು. ನಮ್ಮ ಗೋಡೆಯ ನಕಾಶೆ ಮರ್ಕೇಟರ್ 1569ರಲ್ಲಿ ರೂಪಿಸಿದ ಕ್ರಮದ್ದು; ಅದು ನಾವಿಕರಿಗೆ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ, ಆದರೆ ಧ್ರುವಗಳ ಕಡೆಗೆ ಹೋದಂತೆ ನೆಲವನ್ನು ಹಿಗ್ಗಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು, ನಮ್ಮ ಭಾರತವೂ ಅದರ ಒಂದೂವರೆ ಪಟ್ಟು ಇದೆ. ಒಂದು ಶನಿವಾರ ಗ್ಲೋಬಿನ ಮೇಲೆ ಮುಂಬಯಿಯಿಂದ ನ್ಯೂಯಾರ್ಕಿಗೆ ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಲು ಹೇಳಿದರು. ನಕಾಶೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದರೆ ದಾರಿ ಅರೇಬಿಯಾ ಮತ್ತು ಉತ್ತರ ಆಫ್ರಿಕಾಗಳನ್ನು ದಾಟಿ ಅಟ್ಲಾಂಟಿಕ್‌ಗೆ ಇಳಿಯುತ್ತದೆ. ದಾರ ಮಾತ್ರ ರಷ್ಯಾದ ಮೇಲೇರಿ, ಐಸ್‌ಲ್ಯಾಂಡನ್ನು ಹಾದು, ಗ್ರೀನ್‌ಲ್ಯಾಂಡಿನ ದಕ್ಷಿಣದ ತುದಿಯನ್ನು ಮುಟ್ಟುವಂತೆ ಸಾಗಿ ನ್ಯೂಯಾರ್ಕ್ ತಲುಪಿತು. ಹತ್ತಿರದ ದಾರಿ ಯಾವುದೆಂಬ ಪ್ರಶ್ನೆಗೆ ಗ್ಲೋಬನ್ನು ಕೇಳದೆ ಉತ್ತರ ಕೊಡಬಾರದೆಂದು ನಾನು ತಿಳಿದದ್ದು ಆ ದಾರದಿಂದ.

ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದಿರುವುದು 1990ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳು. ಹೊನ್ನಾವರ, ಮುರ್ಡೇಶ್ವರ, ಭಟ್ಕಳಗಳ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಬಹಳ. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಹಿಡಿದಾಗ ನಮ್ಮ ತರಗತಿಯ ಒಬ್ಬ ಹುಡುಗನ ತಂದೆ ಅಲ್ಲಿದ್ದರು. ಪತ್ರವಿಲ್ಲ, ಫೋನಿಲ್ಲ. ಭಾರತೀಯರನ್ನು ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಅಮ್ಮಾನ್‌ಗೆ ಸಾಗಿಸಿ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ ಕರೆತರುತ್ತಿದ್ದಾರೆ ಎಂಬ ವಾರ್ತೆ ಬಂದಾಗ ಆ ಹುಡುಗ ಇನ್ನಷ್ಟು ಕಂಗಾಲಾದ. ಮುಂಬಯಿ ಇರುವುದು ಕುವೈತಿನ ಪೂರ್ವಕ್ಕೆ, ಜನರನ್ನು ಕೊಂಡೊಯ್ಯುತ್ತಿರುವುದು ಪಶ್ಚಿಮಕ್ಕೆ; ತಂದೆ ಮನೆಯಿಂದ ಮತ್ತಷ್ಟು ದೂರ ಹೋಗುತ್ತಿದ್ದಾರೆ ಎಂದೇ ಅವನಿಗೆ ತೋರಿತು.

ಆ ಶನಿವಾರ ಮಾಸ್ತರರು ಒಂದೇ ಪ್ರಶ್ನೆ ಕೇಳಿದರು: ಅಮ್ಮಾನ್ ಏಕೆ? ಇರಾಕಿನ ಗಡಿಯನ್ನು ಒಂದೊಂದಾಗಿ ಸುತ್ತಿ ಬನ್ನಿ ಎಂದರು. ನಾವು ಒಬ್ಬೊಬ್ಬರಾಗಿ ಎದ್ದು ಹೋಗಿ ಬೆರಳಿಟ್ಟೆವು. ದಕ್ಷಿಣದಲ್ಲಿ ಸೌದಿ ಅರೇಬಿಯಾ. ಅಲ್ಲಿ ಅಮೆರಿಕದ ಸೇನೆ ಬಂದಿಳಿಯುತ್ತಿತ್ತು. ಪೂರ್ವದಲ್ಲಿ ಇರಾನ್, ಇರಾಕಿನೊಂದಿಗೆ ಎಂಟು ವರ್ಷ ಕಾದಾಡಿ ಯುದ್ಧ ನಿಲ್ಲಿಸಿ ಎರಡೇ ವರ್ಷವಾಗಿತ್ತು. ಸಿರಿಯಾ ಬಾಗ್ದಾದಿನ ಹಳೆಯ ವೈರಿ. ಟರ್ಕಿ ವಿಶ್ವಸಂಸ್ಥೆಯ ನಿರ್ಬಂಧಕ್ಕೆ ಸೇರಿಕೊಂಡಿತ್ತು. ಸಮುದ್ರದ ಕಡೆ ಇರಾಕಿಗಿರುವ ದಂಡೆ ಬಹಳ ಕಿರಿದು. ಅದರಾಚೆಯ ಕೊಲ್ಲಿಯಲ್ಲಿ ಯುದ್ಧನೌಕೆಗಳು ನೆರೆದಿದ್ದವು. ಉಳಿದದ್ದು ಜೋರ್ಡಾನ್ ಒಂದೇ. ಇರಾನಿನೊಂದಿಗಿನ ಯುದ್ಧದ ಕಾಲದಲ್ಲಿ ಇರಾಕಿನ ಸರಕು ಜೋರ್ಡಾನಿನ ಅಕಾಬಾ ರೇವಿಗೆ ಬಂದು ಲಾರಿಗಳಲ್ಲಿ ಹೋಗುತ್ತಿದ್ದುದರಿಂದ ಆ ರಸ್ತೆಯೂ ಆ ಸಂಬಂಧವೂ ಎರಡೂ ಉಳಿದಿದ್ದವು. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಮರುಭೂಮಿಯ ದಾರಿಯನ್ನು ಬೆರಳಿನಿಂದ ತೋರಿಸುತ್ತ ಮಾಸ್ತರರು ಆ ಹುಡುಗನ ಹತ್ತಿರ ಬಂದು, “ತಮಾ, ಇದು ದೂರದ ದಾರಿ ಹೌದು, ಆದರೆ ತೆರೆದಿರುವ ದಾರಿ. ಅಪ್ಪ ಇದರಲ್ಲೇ ಬರುತ್ತಾರೆ” ಎಂದರು. ಏರ್ ಇಂಡಿಯಾ ವಿಮಾನಗಳು ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮುಂಬಯಿಗೆ ಕರೆತಂದವು. ಅವರಲ್ಲಿ ಅವನ ತಂದೆಯೂ ಇದ್ದರು. ಊರಿಗೆ ಬಂದ ಮೇಲೆ ಅವರು ಶಾಲೆಗೂ ಒಮ್ಮೆ ಬಂದು, ಬಸ್ಸುಗಳು ಎಲ್ಲೆಲ್ಲಿ ನಿಂತವು, ಗಡಿಯ ಡೇರೆಗಳಲ್ಲಿ ನೀರಿಗೆ ಎಷ್ಟು ಕಷ್ಟವಿತ್ತು ಎಂಬುದನ್ನು ಅದೇ ನಕಾಶೆಯ ಮುಂದೆ ನಿಂತು ನಮಗೆ ಹೇಳಿದರು. ಪ್ರಪಂಚದ ಭೂಗೋಳ ತಿಳಿದಿರಬೇಕಾದ ಅಗತ್ಯವೇನು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಈ ಶನಿವಾರದ ಸಂಗತಿಯನ್ನೇ ಹೇಳುತ್ತೇನೆ.

ಮರುವರ್ಷ ಸೋವಿಯತ್ ಒಕ್ಕೂಟ ಹದಿನೈದು ದೇಶಗಳಾದಾಗ ಹೊಸ ನಕಾಶೆ ಬರುವ ತನಕ ಕಾಯದೆ, ಪತ್ರಿಕೆಯಲ್ಲಿ ಬಂದ ಚಿಕ್ಕ ಚಿತ್ರವನ್ನು ನೋಡಿ ಮಾಸ್ತರರು ಹಳೆಯ ನಕಾಶೆಯ ಮೇಲೆ ಸೀಸದಕಡ್ಡಿಯಿಂದ ಗಡಿಗಳನ್ನು ಎಳೆದರು. ಆಗ ಹಳೆಯ ಪ್ರಶ್ನೆಗಳ ಉತ್ತರಗಳೂ ಬದಲಾದವು. ಸಮುದ್ರ ಮುಟ್ಟಲು ಕನಿಷ್ಠ ಎರಡು ದೇಶಗಳ ಗಡಿ ದಾಟಬೇಕಾದ ದೇಶ ಯಾವುದೆಂದರೆ ಅಲ್ಲಿಯವರೆಗೆ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವಿನ ಲೀಕ್ಟನ್‌ಸ್ಟೈನ್ ಎನ್ನುತ್ತಿದ್ದೆವು. ಈಗ ಉಜ್ಬೇಕಿಸ್ತಾನವೂ ಅದರ ಜೊತೆ ಸೇರಿತು. ಆ ಪ್ರಶ್ನೆಯಿಂದ ಮಾತು ಆರಲ್ ಸಮುದ್ರಕ್ಕೆ ಹೋಯಿತು. ಹತ್ತಿಯ ಬೆಳೆಗಾಗಿ ಆಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿದ್ದರಿಂದ, 1960ರಲ್ಲಿ ಪ್ರಪಂಚದ ನಾಲ್ಕನೆಯ ಅತಿದೊಡ್ಡ ಸರೋವರವಾಗಿದ್ದ ಅದು ಒಣಗುತ್ತ ಬಂದಿತ್ತು. ನಮ್ಮ ನಕಾಶೆಯಲ್ಲಿ ಅದು ತುಂಬಿದ ನೀಲಿಯಾಗಿಯೇ ಇತ್ತು. ಅಳಿವೆಯ ದಂಡೆಯಲ್ಲಿ ಬೆಳೆದ ನಮಗೆ, ಮೀನುಗಾರರ ಊರೊಂದರಿಂದ ನೀರೇ ಹತ್ತಾರು ಕಿಲೋಮೀಟರ್ ಹಿಂದೆ ಸರಿಯಬಹುದೆಂಬ ಸಂಗತಿಯನ್ನು ಅರಗಿಸಿಕೊಳ್ಳುವುದು ಬಹಳ ಕಷ್ಟವಾಯಿತು.

ದೂರದ ಜಾಗಗಳಿಗಾಗಿಯೇ ಅವರು ‘ನಾನೆಲ್ಲಿದ್ದೇನೆ?’ ಎಂಬ ಆಟವೊಂದನ್ನು ಇಟ್ಟಿದ್ದರು. ಸುಳಿವುಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಎದುರಿಗೆ ಸಮುದ್ರವಿದೆ, ಮೀನು ಹೇರಳವಾಗಿದೆ, ಮಂಜು ಕವಿಯುತ್ತದೆ, ಆದರೆ ವರ್ಷಗಟ್ಟಲೆ ಮಳೆ ಕಾಣುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯ ಮಕ್ಕಳಿಗೆ ಅದು ಒಗಟೇ. ಅದು ಚಿಲಿಯ ಅಟಕಾಮಾ: ಹಂಬೋಲ್ಟ್ ಶೀತಪ್ರವಾಹ ದಂಡೆಯ ಗಾಳಿಯನ್ನು ತಂಪಾಗಿಸಿ ಮೇಲೇರದಂತೆ ಮಾಡುತ್ತದೆ, ಪೂರ್ವದ ತೇವವನ್ನು ಆಂಡೀಸ್ ತಡೆಯುತ್ತದೆ. ನಮ್ಮ ಸಹ್ಯಾದ್ರಿ ಮಳೆ ತರುವುದೇಕೆ ಎಂಬುದು ನನಗೆ ಸ್ಪಷ್ಟವಾದದ್ದೂ ಆ ದಿನವೇ. ಇನ್ನೊಮ್ಮೆ ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟಾನ್ ಡ ಕುನ್ಹಾ ದ್ವೀಪ. ಅದಕ್ಕೆ ಅತ್ಯಂತ ಹತ್ತಿರದ ಜನವಸತಿಯಾದ ಸೇಂಟ್ ಹೆಲೆನಾ 2,400 ಕಿಲೋಮೀಟರಿಗೂ ದೂರ. 1961ರಲ್ಲಿ ಜ್ವಾಲಾಮುಖಿ ಸಿಡಿದಾಗ ದ್ವೀಪದ ಎಲ್ಲರನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿನ ಸೌಕರ್ಯಗಳನ್ನೆಲ್ಲ ಬಿಟ್ಟು 1963ರಲ್ಲಿ ಬಹುಪಾಲು ಜನ ತಮ್ಮ ದ್ವೀಪಕ್ಕೇ ಮರಳಿದರು. ಏಕೆ ಮರಳಿದರು ಎಂಬ ಎರಡನೆಯ ಅಂಕದ ಪ್ರಶ್ನೆಗೆ ಹುಡುಗಿಯೊಬ್ಬಳು, “ಅವರ ಗದ್ದೆ, ದೋಣಿ ಎಲ್ಲ ಅಲ್ಲೇ ಉಂಟಲ್ಲ ಸರ್” ಎಂದಳು. ಮಾಸ್ತರರು ಪೂರ್ಣ ಅಂಕ ಕೊಟ್ಟರು.

ಈಗ ನನ್ನ ತಂಗಿಯ ಮಗಳು ಫೋನಿನಲ್ಲಿ ಹೆಚ್ಚುಕಡಿಮೆ ಅದೇ ಆಟವನ್ನು ಆಡುತ್ತಾಳೆ. ಯಾವುದೋ ದೇಶದ ರಸ್ತೆಯ ಚಿತ್ರ ಕಾಣಿಸುತ್ತದೆ. ಅದು ಎಲ್ಲಿಯದೆಂದು ಪ್ರಪಂಚದ ನಕಾಶೆಯಲ್ಲಿ ಗುರುತು ಹಾಕಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಕ್ವಿಜ್‌ಗಳಿಗಿಂತ ಇದು ಬಹಳ ಮೇಲು, ಏಕೆಂದರೆ ಇಲ್ಲಿ ಕಣ್ಣಿಟ್ಟು ನೋಡದೆ ಗತಿಯಿಲ್ಲ. ಒಮ್ಮೆ ಕೆಂಪು ಮಣ್ಣು, ತೆಂಗಿನ ಮರಗಳು, ಬೇಲಿಯಂಚಿನಲ್ಲಿ ಗೇರು ಮರ ಕಂಡು ಅವಳು ನಮ್ಮ ಕರಾವಳಿಯೇ ಎಂದು ಕೂಗಿದಳು. ಆಮೇಲೆ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತಿರುವುದನ್ನೂ ಫಲಕದಲ್ಲಿ ಪೋರ್ಚುಗೀಸ್ ಭಾಷೆ ಇರುವುದನ್ನೂ ಅವಳೇ ಗಮನಿಸಿ, ಬ್ರೆಜಿಲ್‌ನ ಈಶಾನ್ಯ ಕರಾವಳಿಗೆ ಗುರುತು ಹಾಕಿದಳು. ಅದು ಸರಿಯಿತ್ತು. ಇಷ್ಟು ದೂರದ ಎರಡು ದಂಡೆಗಳು ಹೀಗೆ ಹೋಲುವುದೇಕೆ ಎಂದು ನಾನು ಕೇಳಿದೆ. ಗೇರು ಮೂಲತಃ ಆ ಬ್ರೆಜಿಲ್ ಕರಾವಳಿಯ ಮರ; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ತೆಂಗು ಹೋದದ್ದು ಎದುರು ದಿಕ್ಕಿನಲ್ಲಿ: ಹಿಂದೂ ಮಹಾಸಾಗರದ ಕಡೆಯ ತೆಂಗನ್ನು ಅವರೇ ಅಟ್ಲಾಂಟಿಕ್ ದಂಡೆಗಳಿಗೆ ಒಯ್ದರು. ಗೋವೆಯನ್ನು ಆಳಿದವರು ಬ್ರೆಜಿಲ್ಲನ್ನೂ ಆಳಿದ್ದರಿಂದ ಆ ಚಿತ್ರ ನಮ್ಮೂರಿನಂತೆ ಕಂಡಿತ್ತು. ಇದನ್ನು ಕೇಳಿಸಿಕೊಂಡ ಮೇಲೆ ಅವಳು ಆಟ ನಿಲ್ಲಿಸಿ, ಮೆಣಸಿನಕಾಯಿ ಎಲ್ಲಿಂದ ಬಂತು, ಅನಾನಸು ಎಲ್ಲಿಂದ ಬಂತು ಎಂದು ಹುಡುಕುತ್ತ ಕುಳಿತಳು.

ಮಾಸ್ತರರ ಪ್ರಶ್ನೆಗಳನ್ನು ಬರೆದಿಟ್ಟುಕೊಂಡ ನನ್ನ ನೋಟುಪುಸ್ತಕ ಇನ್ನೂ ಇದೆ. ಅದರ ನಂತರ ನಾನೇ ಸೇರಿಸಿದವೂ ಕೆಲವಿವೆ. ಈಗಿನ ವಿದ್ಯಾರ್ಥಿಗಳಿಗಾಗಿ ಅವುಗಳಲ್ಲಿ ನಾಲ್ಕನ್ನು ಇಲ್ಲಿ ಕೊಡುತ್ತಿದ್ದೇನೆ. ಗ್ಲೋಬನ್ನು ಪಕ್ಕದಲ್ಲಿಟ್ಟುಕೊಂಡು ಉತ್ತರಿಸಬೇಕೆಂದು ಕೋರುತ್ತೇನೆ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಪನಾಮಾ ಕಾಲುವೆಯಲ್ಲಿ ಸಾಗುವ ಹಡಗು, ಪಶ್ಚಿಮಕ್ಕೆ ಹೋಗುವ ಬದಲು ಹೊರಟಲ್ಲಿಗಿಂತ ಪೂರ್ವದಲ್ಲಿ ಹೊರಬರುವುದೇಕೆ? ಸಮುದ್ರ ತೀರವೇ ಇಲ್ಲದ ಬೊಲಿವಿಯಾ ನೌಕಾಪಡೆಯನ್ನು ಇಟ್ಟುಕೊಂಡಿರುವುದೇಕೆ? ಎತ್ತರದಲ್ಲಿ ಎವರೆಸ್ಟಿಗಿಂತ ಎರಡು ಸಾವಿರ ಮೀಟರಿಗೂ ಹೆಚ್ಚು ಕಡಿಮೆಯಿರುವ ಇಕ್ವೆಡಾರಿನ ಚಿಂಬೊರಾಜೊ ಶಿಖರದ ತುದಿ, ಭೂಮಿಯ ಕೇಂದ್ರದಿಂದ ಅಳೆದರೆ ಎವರೆಸ್ಟಿನ ತುದಿಗಿಂತ ದೂರವಿರುವುದು ಹೇಗೆ? 2011ರಲ್ಲಿ ಸಮೋವಾ ದೇಶದ ಕ್ಯಾಲೆಂಡರಿನಲ್ಲಿ ಡಿಸೆಂಬರ್ 30 ಎಂಬ ದಿನವೇ ಇರಲಿಲ್ಲ; ಆ ದ್ವೀಪದವರು ಅದನ್ನು ಬಿಟ್ಟುಕೊಟ್ಟದ್ದೇಕೆ?