ನಕಲನ್ನು ಅಸಲು ಎಂದ ದಿನ

ಸ್ಕ್ಯಾಂಡಿನೇವಿಯಾ ಪ್ರವಾಸಕ್ಕೆ ಬರುವ ಕನ್ನಡದ ಗುಂಪುಗಳಿಗೆ ನಾನು ಟೂರ್ ಮ್ಯಾನೇಜರ್. ಸ್ಟಾಕ್‌ಹೋಮ್‌ನ ಹಳೇ ಊರು ಗಾಮ್ಲಾ ಸ್ತಾನ್‌ಗೆ ನಮಗೆ ಸಿಗುವುದು ಎರಡೇ ಗಂಟೆ. ಆ ಅವಸರದಲ್ಲಿ ಒಮ್ಮೆ ದೊಡ್ಡ ತಪ್ಪು ಮಾಡಿದೆ.

ಅರಮನೆಯ ಹತ್ತಿರದ ಇಳಿಜಾರಿನಲ್ಲಿ ಕುದುರೆಯೇರಿ ಕತ್ತಿ ಎತ್ತಿದ ಸೇಂಟ್ ಜಾರ್ಜ್‌ನ ಪ್ರತಿಮೆ ಇದೆ, ಕೆಳಗೆ ಡ್ರ್ಯಾಗನ್. ಡ್ರ್ಯಾಗನ್ ಕೊಂದು ರಾಜಕುಮಾರಿಯನ್ನು ಉಳಿಸಿದನೆಂದು ಕತೆಯಿರುವ ಕ್ರೈಸ್ತ ಸಂತ ಇವನು. "ಇದು ಐನೂರು ವರ್ಷ ಹಳೆಯದು" ಎಂದುಬಿಟ್ಟೆ. ಎಲ್ಲರೂ ಫೋಟೋ ತೆಗೆಸಿಕೊಂಡರು. ಮರುದಿನ ಬೆಳಿಗ್ಗೆ ಬಿಡುವಿತ್ತು. ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ತಾವೇ ಟಿಕೆಟ್ ಕೊಂಡು ಸ್ಟೂರ್‌ಶಿರ್ಕನ್ ಚರ್ಚಿನೊಳಗೆ ಹೋಗಿ ಬಂದರು. ಬಸ್ ಹತ್ತುತ್ತಲೇ ಕೇಳಿದರು: "ಏನಪ್ಪಾ, ಅಸಲಿ ಜಾರ್ಜ್ ಚರ್ಚಿನಲ್ಲಿದ್ದಾನಲ್ಲ? ಅದು ಮರದ್ದು. ನೀನು ತೋರಿಸಿದ್ದು ಕಂಚಿಂದು."

ಅವರ ಮಾತು ನಿಜ. ಹೊರಗಿನದು 1912ರ ನಕಲು. ಮೈಕ್ ಹಿಡಿದು ಎಲ್ಲರ ಕ್ಷಮೆ ಕೇಳಿದೆ. ಚರ್ಚಿನ ಟಿಕೆಟ್ ನಮ್ಮ ಪ್ಯಾಕೇಜಿನಲ್ಲಿ ಇರಲಿಲ್ಲ. ಹಾಗಾಗಿ ನಾನೂ ಒಳಗೆ ಕಾಲಿಟ್ಟಿರಲಿಲ್ಲ. ಯಾರೋ ಹೇಳಿದ್ದನ್ನು ದಾಟಿಸುತ್ತಿದ್ದೆ, ಅಷ್ಟೇ.

ಮುಂದಿನ ಸಲ ಗುಂಪಿಗಿಂತ ಒಂದು ದಿನ ಮೊದಲೇ ಹೋಗಿ ಚರ್ಚಿನೊಳಗಿನ ಅಸಲಿ ಜಾರ್ಜ್‌ನ ಮುಂದೆ ನಿಂತೆ. ಓಕ್ ಮರದಲ್ಲಿ ಕೆತ್ತಿದ ಆಳೆತ್ತರದ ಸವಾರ. ಡ್ರ್ಯಾಗನ್ನಿನ ಮೈಯಿಂದ ಚಾಚಿರುವುದು ಕೆತ್ತನೆಯಲ್ಲ, ಎಲ್ಕ್ ಎಂಬ ದೊಡ್ಡ ಜಿಂಕೆಯ ನಿಜವಾದ ಕೊಂಬುಗಳು! ಪಕ್ಕದಲ್ಲಿ ಕುರಿಮರಿಯ ಜೊತೆ ಮಂಡಿಯೂರಿದ ರಾಜಕುಮಾರಿ. 1471ರಲ್ಲಿ ಬ್ರುಂಕೆಬರ್ಗ್ ಕಾಳಗದಲ್ಲಿ ಡೆನ್ಮಾರ್ಕ್ ರಾಜನನ್ನು ಸೋಲಿಸಿದ, ಸ್ವೀಡನ್ನಿನ ಆಡಳಿತ ನಡೆಸುತ್ತಿದ್ದ ಸ್ಟೆನ್ ಸ್ಟೂರೆ ಇದನ್ನು ಮಾಡಿಸಿದ. ಜರ್ಮನಿಯ ಲ್ಯೂಬೆಕ್ ಊರಿನ ಶಿಲ್ಪಿ ಬರ್ನ್ಟ್ ನೋಟ್ಕೆ ಮಾಡಿದ ಕೆಲಸವೆಂದು ಹೇಳುತ್ತಾರೆ. 1489ರಲ್ಲಿ ಪ್ರತಿಷ್ಠಾಪನೆ ಆಯಿತು. ಡ್ರ್ಯಾಗನ್ ಯಾರೆಂದು ಆಗಿನ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ನನ್ನ ದಾರಿಯೇ ಬೇರೆ. ಮೊದಲು ಚರ್ಚು, ಆಮೇಲೆ ಕಂಚಿನ ನಕಲು. ಆಗ ಜನ ತಾವೇ ಹೋಲಿಸಿ ನೋಡುತ್ತಾರೆ, ನಾನು ಹೆಚ್ಚು ಮಾತಾಡಬೇಕಿಲ್ಲ. ಸ್ಟೂರ್‌ಟೋರಿಯೆಟ್ ಚೌಕದಲ್ಲೂ ಅಷ್ಟೇ. ಅಲ್ಲಿನ ಕೆಂಪು ಮನೆಯ ಬಿಳಿ ಕಲ್ಲುಗಳು 1520ರ ನವೆಂಬರ್‌ನಲ್ಲಿ ತಲೆ ಕಡಿಸಿಕೊಂಡವರ ಲೆಕ್ಕ ಎಂಬ ಕತೆಯಿದೆ. ಹತ್ಯಾಕಾಂಡ ನಿಜ, ಅದನ್ನು ಮಾಡಿಸಿದವನು ಡೆನ್ಮಾರ್ಕ್‌ನ ರಾಜ ಎರಡನೇ ಕ್ರಿಶ್ಚಿಯನ್. ಆದರೆ ಮನೆಯ ಈಗಿನ ರೂಪ 17ನೇ ಶತಮಾನದ್ದು. ಕತೆಯನ್ನು ಕತೆ ಎಂದೇ ಹೇಳುತ್ತೇನೆ. ಕೇಳುವವರ ಆಸಕ್ತಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಆಫೀಸಿನಲ್ಲಿ ಪಟ್ಟು ಹಿಡಿದು ಚರ್ಚಿನ ಟಿಕೆಟ್ಟನ್ನು ಪ್ಯಾಕೇಜಿಗೇ ಸೇರಿಸಿದೆ. ಕಾಲುನೋವಿನವರನ್ನು ಮಾತ್ರ ಅರಮನೆ ಎದುರಿನ ಫಿನ್ನಿಶ್ ಚರ್ಚಿನ ಹಿಂದಿನ ಅಂಗಳದಲ್ಲಿ ಕೂರಿಸುತ್ತೇನೆ. ಅಲ್ಲಿ ಶಿಲ್ಪಿ ಲಿಸ್ ಎರಿಕ್ಸನ್ ಮಾಡಿದ, ಚಂದ್ರನನ್ನು ನೋಡುವ ಕಬ್ಬಿಣದ ಹುಡುಗನಿದ್ದಾನೆ. ಎತ್ತರ 15 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಚಳಿಗಾಲದಲ್ಲಿ ಯಾರೋ ಅವನಿಗೆ ಉಲ್ಲನ್ ಟೋಪಿ ಹಾಕಿರುತ್ತಾರೆ. ನಮ್ಮ ಅಜ್ಜಿಯರು ಅವನ ತಲೆ ಸವರಿ, ಟೋಪಿ ಸರಿಮಾಡಿ, ಪಕ್ಕದಲ್ಲೇ ಕೂರುತ್ತಾರೆ.