ಮೈಕ್ರೋಮೀಟರ್ ಕೊಳ್ಳುವ ಮೊದಲು ಡ್ರಾಯಿಂಗ್ ನೋಡಿ

ಡಿಜಿಟಲ್ ವರ್ನಿಯರ್ (ದವಡೆ ಜರುಗಿಸಿ ಅಳೆಯುವ ಕ್ಯಾಲಿಪರ್) 0.01 ಮಿಮೀ ತೋರಿಸುತ್ತೆ ಅಂದ ಮಾತ್ರಕ್ಕೆ ಅಷ್ಟು ನಿಖರವಾಗಿ ಅಳೆಯುತ್ತೆ ಅಂತಲ್ಲ. 150 ಮಿಮೀ ಅಳತೆಯ ಒಳ್ಳೇ ಕಂಪನಿ ವರ್ನಿಯರ್‌ಗೂ ಸಾಮಾನ್ಯವಾಗಿ ±0.02 ಮಿಮೀ ವ್ಯತ್ಯಾಸ ಇರುತ್ತೆ. ಈಗ ಡ್ರಾಯಿಂಗ್ ತೆಗೆಯಿರಿ: 25 ಮಿಮೀ ಶಾಫ್ಟ್, ಫಿಟ್ (ಗಾತ್ರ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋ ಗುರುತು) ಸ್ಮಾಲ್ ಎಚ್6. ಅಂದರೆ 25.000ರಿಂದ 24.987. ಇರುವ ಜಾಗವೇ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿಮೀ). ಅದರ ಹತ್ತನೇ ಒಂದು ಭಾಗದಷ್ಟು ತಪ್ಪಿರುವ ಉಪಕರಣ ಸಿಕ್ಕರೆ ಸರಿ, ನಾಲ್ಕನೇ ಒಂದು ಭಾಗದವರೆಗೂ ಒಪ್ಪಬಹುದು. ಇಲ್ಲಿ ವರ್ನಿಯರ್ ಪಕ್ಕಕ್ಕಿಟ್ಟು ±2 ಮೈಕ್ರಾನ್‌ನ ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಅಳೆಯುವ ಉಪಕರಣ) ಹಿಡಿಯಲೇಬೇಕು.

ಅಂಗಡಿಯಲ್ಲಿ ಥಿಂಬಲ್ಲನ್ನು (ಗೆರೆಗಳಿರುವ, ತಿರುಗುವ ಹಿಡಿ) ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲೂ ಬಿಗಿಯಾಗಬಾರದು, ಸಡಿಲವೂ ಆಗಬಾರದು. ಲಾಕ್ ಹಾಕಿದಾಗ ರೀಡಿಂಗ್ ಜರುಗಿದರೆ ಬೇಡ ಅನ್ನಿ. ಪೀಸ್‌ಗೆ ತಾಗುವ ಕಾರ್ಬೈಡ್ ಮುಖಗಳ ಅಂಚು ಚಕ್ಕೆ ಎದ್ದಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೋಸ ಹೋಗೋದು ಸೊನ್ನೆ ರೀಡಿಂಗ್ ಒಂದನ್ನೇ ನಂಬಿ. ಸೊನ್ನೆ ಸರಿ ಕೂತಿದ್ದರೂ, ವರ್ಷಗಟ್ಟಲೆ ಒಂದೇ ಸೈಜ್ ಅಳೆದ ಕಡೆ ಸ್ಕ್ರೂ ಸವೆದಿರಬಹುದು. ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ತುಂಡು) ಇಟ್ಟು ನೋಡಿ: 2.5, 5.1, 7.7, 10.3, 12.9, 15, 17.6, 20.2, 22.8, 25 ಮಿಮೀ. ಇದೇನಿದು ವಿಚಿತ್ರ ಅಂಕಿ ಅನ್ನಿಸಬಹುದು. ಸ್ಕ್ರೂ ಪಿಚ್ (ಒಂದು ಸುತ್ತಿಗೆ ಜರುಗುವ ದೂರ) 0.5 ಮಿಮೀ, 5, 10, 15, 20 ಅಂತ ನೋಡುತ್ತಾ ಹೋದರೆ ಥಿಂಬಲ್ ಪ್ರತಿ ಸಲ ಸೊನ್ನೆ ಗೆರೆಗೇ ಬಂದು ನಿಲ್ಲುತ್ತೆ, ಒಂದು ಸುತ್ತಿನ ಒಳಗಿನ ತಪ್ಪು ಸಿಗೋದೇ ಇಲ್ಲ. 5.1ಕ್ಕೆ ಅದು 10ನೇ ಗೆರೆಯಲ್ಲಿ, 7.7ಕ್ಕೆ 20ರಲ್ಲಿ, 10.3ಕ್ಕೆ 30ರಲ್ಲಿ ನಿಲ್ಲುತ್ತೆ.

ಅಳತೆಯೆಲ್ಲ 20 ಡಿಗ್ರಿಗೆ ಲೆಕ್ಕ. ಶೆಡ್‌ನಲ್ಲಿ 33 ಡಿಗ್ರಿ ಇದ್ದಾಗ ಉಕ್ಕಿನ ಕೆಲಸವೂ ಉಕ್ಕಿನ ಮೈಕ್ರೋಮೀಟರೂ ಒಟ್ಟಿಗೆ ಹಿಗ್ಗುವುದರಿಂದ ಬಚಾವ್. 100 ಮಿಮೀ ಅಲ್ಯೂಮಿನಿಯಂ ಪೀಸ್ ಮಾತ್ರ ಸುಮಾರು 15 ಮೈಕ್ರಾನ್ ಹೆಚ್ಚು ತೋರಿಸುತ್ತೆ. ಲೇತ್‌ನಿಂದ ಬಿಸಿಬಿಸಿಯಾಗಿ ಇಳಿಸಿದ್ದನ್ನಂತೂ ಅಳೆಯಲೇಬೇಡಿ.

ಕೂಲೆಂಟ್ ಚಿಮ್ಮುವ ಕಡೆ ಡಿಜಿಟಲ್ ಬೇಕಿದ್ದರೆ ಐಪಿ65 (ಧೂಳು, ನೀರು ಒಳಹೋಗದ ರಕ್ಷಣೆಯ ದರ್ಜೆ) ಇರಲಿ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನ ಸರ್ಟಿಫಿಕೇಟ್ ಇದ್ದರೆ ಸ್ಟಿಕ್ಕರ್ ಬಿಟ್ಟು, ಯಾವ ಅಳತೆಗೆ ಎಷ್ಟು ತಪ್ಪು ಅನ್ನೋ ಕಾಲಂ ಓದಿ. 0ರಿಂದ 150ರವರೆಗಿನ ಅಗ್ಗದ ಸೆಟ್‌ಗಿಂತ 0–25, 25–50ರ ಎರಡು ಒಳ್ಳೇವು ವಾಸಿ. 25–50ರ ಜೊತೆ ಸೆಟ್ಟಿಂಗ್ ರಾಡ್ (ಗೊತ್ತಾದ ಉದ್ದದ ಕಂಬಿ) ಕೇಳಿ ತಗೊಳ್ಳಿ, ಅದಿಲ್ಲದೆ ಅದಕ್ಕೆ ಸೊನ್ನೆ ಕೂರಿಸೋಕೆ ಪ್ರತಿ ಸಲ ಸ್ಲಿಪ್ ಗೇಜ್ ಹುಡುಕಬೇಕಾಗುತ್ತೆ.